ಎಲೆ ಹಾಕದ ಹುಡುಗ

ನನಗೆ ವಿದ್ಯಾರ್ಥಿವೇತನ ಸಿಕ್ಕಿದ್ದು ತಪ್ಪು ಉತ್ತರ ಬರೆದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸರಿ ಉತ್ತರ ಬರೆದು ಪಾಸು ಮಾಡಿದ ಪರೀಕ್ಷೆಗಳಿಂದ ನನಗೆ ಸಿಕ್ಕಿದ್ದು ಹಾಸನದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರದ ಪಾಠ ಮಾತ್ರ. ನಮ್ಮೂರಿಗೆ ಹತ್ತಿರದ ಹೊಳೆನರಸೀಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಹಾಸನದ ಒಂದು ಪಿ.ಜಿ. ವಸತಿಯಲ್ಲಿದ್ದುಕೊಂಡು, ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ನನಗೆ ಬಾಯಿ ಜಾಸ್ತಿ. ಊರಿಗೆ ಹೋದಾಗಲೆಲ್ಲ ಅವ್ವ, "ನಿನ್ ಬಾಯ್ಗೊಂದು ಬೀಗ ಮಾಡಿಸ್ಬೇಕು ಕಣೆ" ಅನ್ನುತ್ತಿದ್ದಳು.

ಅಕ್ಕನನ್ನು ಕೊಟ್ಟಿರುವುದು ಅರಕಲಗೂಡಿನ ಹತ್ತಿರದ ಒಂದು ಹಳ್ಳಿಗೆ. ಅದು ಅವ್ವನ ತವರು; ಅಕ್ಕನ ಗಂಡ ಅವ್ವನ ಸ್ವಂತ ತಮ್ಮ. ನಮ್ಮ ಕಡೆ ಇದೇನೂ ಹೊಸದಲ್ಲ. ಸೋದರಮಾವನೊಬ್ಬ ಇದ್ದಾನೆ ಎಂದರೆ ಹುಡುಗಿಗೆ ಅರ್ಧ ಮದುವೆ ಆದ ಹಾಗೆಯೇ. ಅಪ್ಪನಿಗೆ ಅಷ್ಟು ಮನಸ್ಸಿರಲಿಲ್ಲ. ಅವರು ಚನ್ನರಾಯಪಟ್ಟಣದ ಕಡೆ, ಹಿರೀಸಾವೆ ಹತ್ತಿರ ಒಂದು ಗಂಡು ನೋಡಿ ಬಂದಿದ್ದರು. ಅವ್ವ ಹಟ ಹಿಡಿದು ತಮ್ಮನಿಗೇ ಕೊಟ್ಟಳು. ಮಗಳು ತನ್ನ ತವರಿನಲ್ಲೇ ಇರುತ್ತಾಳೆ, ಅಜ್ಜಿಯೇ ಅತ್ತೆಯಾಗುತ್ತಾಳೆ, ನೋಡಬೇಕು ಅನ್ನಿಸಿದರೆ ಒಂದು ಬಸ್ಸು ಹತ್ತಿದರಾಯಿತು ಎಂಬುದು ಅವಳ ಆಸೆ.

ಅಕ್ಕನಿಗೆ ಒಬ್ಬ ಮಗ ಹುಟ್ಟಿದ. ನಾಲ್ಕು ವರ್ಷಕ್ಕೆಲ್ಲ ಅವನು ಓಡುವಾಗ ಬೀಳತೊಡಗಿದ. ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದ. ಆರಕ್ಕೆ ಹಾಸನದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಇದು ಸ್ನಾಯುಗಳು ಸವೆಯುತ್ತಾ ಹೋಗುವ ಕಾಯಿಲೆ, ಮುಂದೆ ಗಾಲಿಕುರ್ಚಿ ಬೇಕಾಗುತ್ತದೆ ಎಂದರು. ಅವತ್ತು ಡಾಕ್ಟರು ಚೀಟಿ ಬರೆಯುತ್ತಾ, "ಸಂಬಂಧದಲ್ಲೇ ಮದುವೆಯಾ?" ಎಂದು ಕೇಳಿದರು. "ಊಂ ಸಾ, ನನ್ ತಮ್ಮಂಗೇ ಕೊಟ್ಟಿದ್ದೀವಿ" ಎಂದಳು ಅವ್ವ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಅಷ್ಟೇ. ಅದು ಆ ಕುರ್ಚಿಯಲ್ಲಿ ಕೂತವರನ್ನೆಲ್ಲ ಕೇಳುವ ಪ್ರಶ್ನೆ. ಈಗ ಹಾಸನದ ಒಂದು ಆಸ್ಪತ್ರೆಯಲ್ಲಿ ಕೂತು ನಾನೂ ಎಲ್ಲರನ್ನೂ ಅದನ್ನೇ ಕೇಳುತ್ತೇನೆ. ಆದರೆ ಅವ್ವ ಆ ಪ್ರಶ್ನೆಯನ್ನೇ ತೀರ್ಪು ಅಂದುಕೊಂಡಳು. ವಾಪಸ್ ಬರುವ ಬಸ್ಸಿನಲ್ಲಿ ಅಕ್ಕ, ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ನೀನೇ ಅಲ್ವೇನವ್ವ ಕೊಟ್ಟಿದ್ದು" ಎಂದಳು. ಒಂದೇ ಸಲ, ಅದೂ ಮೆಲ್ಲಗೆ. ಆಮೇಲೆ ಅವ್ವ ಆ ಮನೆಯ ಹೊಸಿಲು ತುಳಿಯಲಿಲ್ಲ.

ಮೊದಮೊದಲು ಹಸು ಕರು ಹಾಕಿದೆ ಅಂದಳು, ಆಮೇಲೆ ಮಂಡಿನೋವು ಅಂದಳು. ಹಬ್ಬಕ್ಕೆ ಕಜ್ಜಾಯ ಮಾಡಿ ಅಪ್ಪನ ಕೈಲಿ ಕಳಿಸುವಳು. ಮೊಮ್ಮಗನನ್ನು ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ನೋಡುವಳೇ ಹೊರತು ಅವನ ಮನೆಯಲ್ಲಿ ನೋಡಿದ್ದಿಲ್ಲ. ನಾನಾದರೂ ಸುಮ್ಮನಿದ್ದೆನೇ? ಜೀವಶಾಸ್ತ್ರದ ಟೀಚರಮ್ಮ ನಾನು. "ಸಂಬಂಧದಲ್ಲಿ ಮದುವೆ ಮಾಡಿದರೆ ಇದೇ ಗತಿ" ಎಂದು ಊರಿನ ಮನೆಯಲ್ಲಿ ಕೂತು ಗೆಳತಿಗೆ ಫೋನಿನಲ್ಲಿ ಭಾಷಣ ಬಿಗಿಯುತ್ತಿದ್ದಾಗ ಅವ್ವ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ನಿಂತದ್ದು ನನಗೆ ಕೇಳಿಸಿತು. ಆದರೂ ನಾನು ಮಾತು ನಿಲ್ಲಿಸಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಹೀಗಿರುವಾಗ ಅಕ್ಕನ ಮಗನನ್ನು ತೋರಿಸಲು ಹೋದ ಒಂದು ದಿನ ಮಕ್ಕಳ ವಿಭಾಗದ ಹೊರಗೆ ಒಂದು ನೋಟೀಸು ಕಂಡಿತು. ಜೆನೆಟಿಕ್ ಕೌನ್ಸೆಲಿಂಗ್ ಎಂಬ ಎರಡು ವರ್ಷದ ಸ್ನಾತಕೋತ್ತರ ಓದಿಗೆ ವಿದ್ಯಾರ್ಥಿವೇತನ. ವಂಶದಲ್ಲಿ ಬರುವ ಕಾಯಿಲೆಗಳ ವಿಷಯವನ್ನು ಮನೆಯವರ ಜೊತೆ ಕೂತು, ಅವರಿಗೆ ತಿಳಿಯುವ ಹಾಗೆ ಮಾತಾಡುವ ಕೆಲಸ ಅದು. ಸಣ್ಣ ಊರಿನವರಿಗೆ, ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಮಾಡಿದವರಿಗೆ, ಕನ್ನಡ ಚೆನ್ನಾಗಿ ಮಾತಾಡಬಲ್ಲವರಿಗೆ ಆದ್ಯತೆ ಎಂದು ಬರೆದಿತ್ತು. ಬೆಂಗಳೂರಿನಲ್ಲಿ ಓದು, ಶುಲ್ಕ, ಹಾಸ್ಟೆಲ್, ಊಟ ಎಲ್ಲ ಅವರದೇ. ಓದಿ ಮುಗಿಸಿದ ಮೇಲೆ ಎರಡು ವರ್ಷ ನಮ್ಮ ಜಿಲ್ಲೆಯಲ್ಲೇ ಕೆಲಸ ಮಾಡಬೇಕು. ಮಾತಾಡುವುದಕ್ಕೇ ಡಿಗ್ರಿ ಕೊಡುತ್ತಾರೆ ಅಂದರೆ ಅದು ನನಗಾಗಿಯೇ ಇರಬೇಕು ಅಂದುಕೊಂಡೆ. ಅಪ್ಪನಿಗೆ ಹೇಳಿದರೆ, "ಕೌನ್ಸೆಲಿಂಗ್ ಅಂದ್ರೆ ಸೀಟ್ ಅಂಚೋದಲ್ವೇನಮ್ಮ?" ಅಂದರು. ಶುಲ್ಕ ನಾವೇ ಕಟ್ಟುವ ಹಾಗಿದ್ದರೆ ಅವರು ಎರಡು ಸಲ ಕೂತು ಎದ್ದು ಸುಮ್ಮನಾಗುತ್ತಿದ್ದರು, ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅರ್ಜಿಯ ಜೊತೆ ಎರಡು ಬೇಕಿತ್ತು. ಒಂದು, ಈ ಓದು ನಿಮಗೇಕೆ ಎಂದು ಒಂದು ಬರಹ. ಇನ್ನೊಂದು, ನಮ್ಮ ಮನೆಯದೇ ಕನಿಷ್ಠ ಮೂರು ತಲೆಮಾರಿನ ವಂಶದ ಚಾರ್ಟು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಸತ್ತವರಿಗೆ ಅಡ್ಡಗೀಟು, ಕಾಯಿಲೆಯವರಿಗೆ ಕಪ್ಪು ಬಣ್ಣ, ಸಂಬಂಧದ ಮದುವೆಗೆ ಜೋಡಿಗೆರೆ. ನಾನು ಒಂದೇ ಸಂಜೆಯಲ್ಲಿ ಮುಗಿಸಿದೆ. ಬದುಕಿದವರನ್ನು ಬಲ್ಲೆ, ಸತ್ತವರ ಲೆಕ್ಕ ಇನ್ನೂ ಸುಲಭ. ಅಜ್ಜಿಯ ಮನೆಯಲ್ಲಿ ಪ್ರತಿ ವರ್ಷ ಪಿತೃಪಕ್ಷಕ್ಕೆ ಹಿರಿಯರಿಗೆ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆ ಎಲೆ, ಎಲೆಯ ಮುಂದೆ ಅವರವರ ಹೊಸ ಬಟ್ಟೆ, ಅವರವರಿಗೆ ಇಷ್ಟವಾದ ಅಡುಗೆ. ಚಿಕ್ಕಂದಿನಿಂದ ಆ ಎಲೆಗಳ ಮುಂದೆ ಅಡ್ಡ ಬಿದ್ದವಳು ನಾನು. ಮುತ್ತಜ್ಜ, ಮುತ್ತಜ್ಜಿ, ತಾತ, ಒಟ್ಟು ಮೂರು ಎಲೆ. ಚಾರ್ಟಿನಲ್ಲಿ ಮೂರು ಅಡ್ಡಗೀಟು ಎಳೆದೆ. ಬರಹವಂತೂ ನಾಲ್ಕು ಪುಟ. ಸೋದರಮಾವನಿಗೆ ಹೆಣ್ಣು ಕೊಟ್ಟು ನಮ್ಮ ಮನೆ ಏನಾಯಿತು, ಈ ಮೂಢರಿಗೆ ನಾನು ಹೇಗೆ ಬುದ್ಧಿ ಹೇಳುತ್ತೇನೆ, ಎಲ್ಲ ಇತ್ತು. ಅವ್ವನ ಹಟವನ್ನೂ ಬಿಡದೆ ಬರೆದಿದ್ದೆ.

ಸಂದರ್ಶನಕ್ಕೆ ಬೆಂಗಳೂರಿನವರೇ ಹಾಸನಕ್ಕೆ ಬಂದಿದ್ದರು. ಮೂವರಲ್ಲಿ ಹಿರಿಯವರು ಒಬ್ಬ ಮೇಡಂ, ಬಿಳಿ ಕೂದಲಿನವರು. ಮುಂದೆ ಅವರೇ ನನ್ನ ಗುರುಗಳಾದರು. ನಾಲ್ಕು ಪುಟವನ್ನು ಪಕ್ಕಕ್ಕಿಟ್ಟು ಚಾರ್ಟನ್ನು ಬಹಳ ಹೊತ್ತು ನೋಡಿದರು.

"ಹುಡುಗನ ತಂದೆ ಗಟ್ಟಿಯಾಗಿದ್ದಾರಾ?"

"ಮೂಟೆ ಹೊರ್ತಾರೆ ಮೇಡಂ."

"ನಿಮ್ಮ ಅಜ್ಜಿಗೆ ಗಂಡುಮಕ್ಕಳು ಇವರೊಬ್ಬರೇ?"

"ಒಬ್ಬರೇ."

"ಹೇಗೆ ಹೇಳ್ತೀರಿ?"

ನಾನು ಎಡೆಯ ಎಲೆಗಳ ಲೆಕ್ಕ ಹೇಳಿದೆ. ನನ್ನ ಜಾಣತನಕ್ಕೆ ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದರು. "ನಿಮ್ಮಲ್ಲಿ ಮದುವೆ ಆಗದೆ ಸತ್ತವರಿಗೂ ಎಲೆ ಹಾಕ್ತಾರಾ?"

ನನ್ನ ಬಾಯಿಗೆ ಬೀಗ ಬಿತ್ತು. ಹಾಕುವುದಿಲ್ಲ. ಮದುವೆಯಾಗದೆ ಹೋದವರು ನಮ್ಮಲ್ಲಿ ಹಿರಿಯರಾಗುವುದಿಲ್ಲ, ಅವರಿಗೆ ಎಡೆ ಇಲ್ಲ. ಇದು ನನಗೆ ಗೊತ್ತಿತ್ತು, ಆದರೆ ಅದನ್ನು ಯೋಚಿಸಿಯೇ ಇರಲಿಲ್ಲ.

"ಮುಂದಿನ ಶನಿವಾರವೂ ನಾವು ಇಲ್ಲೇ ಇರ್ತೀವಿ. ಅಜ್ಜಿಯನ್ನ ಕೇಳಿಕೊಂಡು ಬನ್ನಿ" ಎಂದರು.

ಮಾರನೆಯ ದಿನವೇ ಅರಕಲಗೂಡು ಬಸ್ಸು ಹತ್ತಿದೆ. ಅಜ್ಜಿ ಜಗಲಿಯ ಮೇಲೆ ಕೂತು ಬಿತ್ತನೆಗೆ ಆಲೂಗಡ್ಡೆ ಕೊಯ್ಯುತ್ತಿದ್ದಳು, ತುಂಡಿಗೊಂದು ಮೊಳಕೆ ಕಣ್ಣು ಉಳಿಯುವ ಹಾಗೆ. ಅಕ್ಕ ಮಗನನ್ನು ಸ್ನಾನಕ್ಕೆ ಎತ್ತಿಕೊಂಡು ಹೋಗಿದ್ದಳು. ನಾನು ಸುತ್ತು ಬಳಸದೆ ಕೇಳಿದೆ. ಅಜ್ಜಿ ಇನ್ನೂ ಎರಡು ಗಡ್ಡೆ ಕೊಯ್ದಳು. ಆಮೇಲೆ, "ಇದ್ದ ಕಣವ್ವ" ಅಂದಳು.

"ಮೊದ್ಲನೇನು. ನಿಮ್ಮವ್ವಂಗಿಂತ ಬೋ ದೊಡ್ಡೋನು. ಎಂಟೊಂಬತ್ ವರ್ಸಕ್ಕೆ ಕಾಲು ಓಯ್ತು. ಆಮ್ಯಾಕೆ ನಾನೇ ಒತ್ಕಂಡು ತಿರುಗ್ದೆ. ಸೊಂಟದ್ ಮ್ಯಾಲೆ ಕೂರುಸ್ಕಂಡ್ರೆ ಅವನ್ ಕಾಲು ನನ್ ಮೊಣಕಾಲ್ಗಂಟ ಬರಾದು. ಅದಿನಾಲ್ಕಕ್ಕೆ ತೀರ್ಕಂಡ. ನಿಮ್ಮವ್ವ ಆಗಿನ್ನೂ ಮೂರು ವರ್ಸದ ಕೂಸು. ನಿನ್ ಮಾವ ಉಟ್ಟೇ ಇರ್ಲಿಲ್ಲ." ಚಾಕು ಕೆಳಗಿಟ್ಟು, ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡಳು, ಆಮೇಲೆ ತೊಡೆಯ ಮೇಲೆ, ಆಮೇಲೆ ಸೊಂಟದ ಮೇಲೆ. "ಏಳಾದು ಇಂಗೆ. ಮರ ಅತ್ದಂಗೆ ತನ್ ಮೈನ ತಾನೇ ಅತ್ತೋನು. ಈ ಕೂಸು ಅಂಗೇ ಎದ್ದಾಗ ನಂಗೆ ಅವತ್ತೇ ಗೊತ್ತಾಯ್ತು."

ಅಷ್ಟು ಕೇಳಿದ್ದೇ ನನಗೆ ಕೋಪ ನೆತ್ತಿಗೇರಿತು. "ಗೊತ್ತಿತ್ತಾ? ಇಷ್ಟು ವರ್ಷ ಅವ್ವ ತನ್ನ ತಪ್ಪು ಅಂತ ಕೊರಗ್ತಾ ಇದ್ರೆ, ನೀನು ಬಾಯಿ ಮುಚ್ಕೊಂಡಿದ್ಯಾ?"

ಅಜ್ಜಿ ನನ್ನ ಮುಖ ನೋಡಿದಳು. "ಯೋಳಿದ್ರೆ, ಆ ವಂಸದಲ್ಲೇ ಐತಂತೆ ಅಂತ ಊರೆಲ್ಲ ಸಾರ್ಕಂಡ್ ಬರಾದು. ನೀನಿನ್ನೂ ಮದ್ವೆ ಆಗ್ಬೇಕಾದೋಳು ಕಣವ್ವ."

ಅಂದರೆ ಅವ್ವ ಅಷ್ಟು ವರ್ಷ ಹೊತ್ತದ್ದು ನನ್ನ ಸಲುವಾಗಿ. ನನಗೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಜ್ಜಿಯ ಪಕ್ಕದಲ್ಲಿ ಕೂತು ಗಡ್ಡೆ ಕೊಯ್ಯತೊಡಗಿದೆ. ಎರಡನೆಯದಕ್ಕೇ ಕಣ್ಣು ಹಾಳು ಮಾಡಿದೆ ಅಂತ ಬೈಸಿಕೊಂಡೆ.

ಶನಿವಾರ ಹೊಸ ಚಾರ್ಟು ತೆಗೆದುಕೊಂಡು ಹೋದೆ. ಅಜ್ಜಿಯ ಕೆಳಗೆ ಒಂದು ಚೌಕ ಹೆಚ್ಚಾಗಿತ್ತು, ಕಪ್ಪು ಬಣ್ಣ, ಅಡ್ಡಗೀಟು. ಮೇಡಂ ಅದರ ಮೇಲೆ ಬೆರಳಿಟ್ಟು, ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುವ ಕಾಯಿಲೆಯ ಹಾಗೆ ಕಾಣುತ್ತದೆ ಎಂದರು. ಹಾಗಿದ್ದರೆ ಅಕ್ಕನನ್ನು ಯಾರಿಗೆ ಕೊಟ್ಟಿದ್ದರೂ ಇದು ಬರಬಹುದಿತ್ತು. ಸಂಬಂಧದ ಮದುವೆಯಿಂದ ಹೆಚ್ಚಾಗುವ ಕಾಯಿಲೆಗಳು ಬೇಕಾದಷ್ಟಿವೆ, ಅದನ್ನು ನಾನು ಈಗಲೂ ಬಂದವರಿಗೆ ಹೇಳುತ್ತೇನೆ. ಆದರೆ ಇದು ಅವುಗಳಲ್ಲಿ ಸೇರಿದ್ದಲ್ಲ. ಎಲ್ಲದಕ್ಕೂ ಮೊದಲು ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಮನೆಗೆ ಹೋಗಿ ಅರ್ಧ ಮಾತು ಹೇಳಬೇಡಿ ಎಂದು ಎಚ್ಚರಿಸಿದರು. ಆಮೇಲೆ ಕೇಳಿದರು: "ಪರೀಕ್ಷೆಯಲ್ಲೂ ಹಾಗೇ ಬಂದರೆ, ನಿಮ್ಮ ತಾಯಿಗೆ ಏನು ಹೇಳ್ತೀರಿ?"

"ನಿನ್ನ ತಪ್ಪಲ್ಲ ಅಂತೀನಿ."

"ಹಾಗಾದರೆ ಯಾರಿಂದ ಬಂತು ಅಂತ ಕೇಳಿದರೆ?"

ಅವ್ವನ ತಲೆಯಿಂದ ಒಂದು ಕಲ್ಲು ಇಳಿಸಿ ಇನ್ನೊಂದನ್ನು ಇಡಬೇಕು. ಕುರ್ಚಿ ಹಿಂದೆ ಸರಿಸಿ ಎದ್ದೆ. ಹೊರಡುವಾಗ, "ಮೇಡಂ, ನನ್ನ ಆ ನಾಲ್ಕು ಪುಟ ವಾಪಸ್ ಕೊಡ್ತೀರಾ?" ಎಂದೆ. ಕೊಟ್ಟರು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅವನ್ನು ಹರಿದು ಕಸದ ಡಬ್ಬಿಗೆ ಹಾಕಿ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡು ಪಿ.ಜಿ.ಗೆ ಹೋದೆ. ಹದಿನೈದು ದಿನದ ಮೇಲೆ ಆಯ್ಕೆಯಾಗಿದ್ದೀರಿ ಎಂದು ಪತ್ರ ಬಂತು. ಏಕೆ ಎಂದು ಬಹಳ ದಿನಗಳ ನಂತರ ಮೇಡಂರನ್ನೇ ಕೇಳಿದೆ. "ಆ ಪುಟಗಳನ್ನು ವಾಪಸ್ ಕೇಳಿದಿರಲ್ಲ, ಅದಕ್ಕೇ" ಎಂದರು.

ಆ ವರ್ಷ ನನ್ನ ಹಾಗೆ ಆಯ್ಕೆಯಾದವರು ಇನ್ನಿಬ್ಬರಿದ್ದರು, ಒಬ್ಬಳು ಬೀದರಿನ ಕಡೆಯವಳು, ಇನ್ನೊಬ್ಬಳು ಕರಾವಳಿಯ ಮೀನುಗಾರರ ಮನೆಯವಳು. ಅಲ್ಲಿನ ಆಸ್ಪತ್ರೆಗೆ ಹಳ್ಳಿಯಿಂದ ಬಂದವರಿಗೆ ಅಲ್ಲಿಯತನಕ ನರ್ಸುಗಳೋ ಆಯಾಗಳೋ ನಿಂತು ಕನ್ನಡದಲ್ಲಿ ತಿರುಗಿಸಿ ಹೇಳುತ್ತಿದ್ದರಂತೆ. ನಾವು ಮೂವರೂ ಬಂದ ಮೇಲೆ ನಮ್ಮಲ್ಲೇ ಒಬ್ಬರಿಗೊಬ್ಬರ ಕನ್ನಡ ಅರ್ಥವಾಗದೆ ನಗುತ್ತಿದ್ದೆವು. ಅಭ್ಯಾಸದ ತರಗತಿಗಳಲ್ಲಿ ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ, ಕನ್ನಡದಲ್ಲಿ ಅತಿಯಾಗಿ ಮಾತಾಡುತ್ತಿದ್ದೆ. ಎರಡಕ್ಕೂ ಅಂಕ ಕಡಿಮೆ. ಎದುರಿಗೆ ಕೂತವರು ಅಳುವಾಗ ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಕಬ್ಬಿಣದ ಕಡಲೆಯಾಗಿತ್ತು.

ಮೊದಲ ಸೆಮಿಸ್ಟರಿನಲ್ಲೇ ಅಕ್ಕನ ಮಗನ ರಕ್ತ, ಆಮೇಲೆ ಅಕ್ಕನದು ಪರೀಕ್ಷೆಗೆ ಹೋದವು. ಅವ್ವನದೂ ಬೇಕಿತ್ತು. ಏಕೆಂದು ಹೇಳದೆ ರಕ್ತ ಕೇಳಬಾರದು, ಅದು ನಮ್ಮ ಮೊದಲ ಪಾಠ. ಹಾಗಾಗಿ ಊರಿಗೆ ಹೋಗಿ ಅವಳಿಗೆ ಅವಳ ಅಣ್ಣನ ವಿಷಯ ಹೇಳಿದೆ. ಕಾಯಿಲೆಯ ಬೇರು ಯಾವ ಕಡೆಯದು ಅಂತ ಇನ್ನೂ ಗೊತ್ತಿಲ್ಲ, ನಿನ್ನ ರಕ್ತದಲ್ಲೂ ಇರಬಹುದು, ಅದನ್ನೇ ನೋಡುವುದು ಎಂದೆ. ಅವ್ವ ಸೆರಗಲ್ಲಿ ಕೈ ಒರೆಸಿಕೊಂಡು, "ನಂಗೊಬ್ಬ ಅಣ್ಣ ಇದ್ನಾ?" ಅಂದಳು. ರಕ್ತಕ್ಕೆ, "ಎಷ್ಟು ಬೇಕಾದ್ರೂ ತಗಳ್ಲಿ" ಎಂದು ಅಲ್ಲೇ ತೋಳು ಚಾಚಿದಳು, ನಾನೇ ಸೂಜಿ ತಂದಿದ್ದೇನೆ ಎಂಬಂತೆ. ಊಟದ ಹೊತ್ತಿಗೆ ಮತ್ತೆ ಕೇಳಿದಳು: "ನೋಡಾಕೆ ಎಂಗಿದ್ನಂತೆ?" ನಾನು ಅಜ್ಜಿಯನ್ನು ಅದೊಂದನ್ನು ಕೇಳಿಯೇ ಇರಲಿಲ್ಲ. ನನ್ನ ಚಾರ್ಟಿನಲ್ಲಿ ಅವನೊಂದು ಕಪ್ಪು ಚೌಕ, ಅಷ್ಟೇ.

ಫಲಿತಾಂಶ ಬಂದಾಗ ಮೇಡಂ ತಾವೇ ಹಾಸನಕ್ಕೆ ಬರುವ ದಿನ ಅವ್ವನನ್ನು ಕರೆಸಿದರು. ಅಕ್ಕನಿಗೆ ಅದಕ್ಕೂ ಒಂದು ತಿಂಗಳು ಮೊದಲೇ ಅವಳ ಫಲಿತಾಂಶ ಹೇಳಿದ್ದರು. ಅವಳು ಹೊರಬಂದು ನನ್ನ ಜೊತೆ ಒಂದು ಮಾತೂ ಆಡದೆ ಬಸ್ಸು ಹತ್ತಿದ್ದಳು. ಕೋಣೆಯೊಳಗೆ ಹೋಗುವ ಮುಂಚೆ ಮೇಡಂ ನನ್ನ ಕಡೆ ತಿರುಗಿ, "ಇವತ್ತು ನೀವು ಮಗಳು ಮಾತ್ರ. ಬಾಯಿ ತೆರೆಯಬೇಡಿ" ಎಂದರು.

ಈ ಕಾಯಿಲೆಗೆ ಕಾರಣವಾದ ಜೀನಿನ ಪ್ರತಿಗಳು ಹೆಣ್ಣಿನಲ್ಲಿ ಎರಡಿರುತ್ತವೆ, ಒಂದು ಕೆಟ್ಟರೂ ಇನ್ನೊಂದು ನಡೆಸುತ್ತದೆ. ಗಂಡಿಗೆ ಇರುವುದು ಒಂದೇ, ಎಂದು ಅವರು ನಿಧಾನವಾಗಿ ಹೇಳಿದರು. ಅವ್ವ ಸ್ವಲ್ಪ ಯೋಚಿಸಿ, "ಜೋಡೆತ್ತಿನ ಗಾಡಿ ಇದ್ದಂಗೆ ಅನ್ನಿ. ಒಂದು ಕುಂಟಿದ್ರೂ ಇನ್ನೊಂದು ಎಳೀತದೆ" ಅಂದಳು. ಮೇಡಂ ಅದನ್ನು ಬರೆದುಕೊಂಡರು. ಈಗ ನಾನು ದಿನಾ ಅದೇ ಮಾತಿನಲ್ಲಿ ಹೇಳುತ್ತೇನೆ.

"ಚನ್ನರಾಯಪಟ್ಟಣದೋರಿಗೆ ಕೊಟ್ಟಿದ್ರೆ?" ಅವ್ವನ ದನಿ ಒಣಗಿತ್ತು. ಇಷ್ಟು ವರ್ಷ ಒಬ್ಬಳೇ ಕೂತು ತನ್ನನ್ನೇ ಕೇಳಿಕೊಂಡ ಪ್ರಶ್ನೆ ಅದು ಅಂತ ನನಗೆ ಆಗ ತಿಳಿಯಿತು.

"ಕೊಟ್ಟಿದ್ದರೂ ಇಷ್ಟೇ ಅಮ್ಮಾ. ಯಾರಿಗೆ ಕೊಟ್ಟಿದ್ದರೂ, ಹುಟ್ಟುವ ಒಂದೊಂದು ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಇರ್ತಿತ್ತು."

"ಅಂಗಾರೆ ನನ್ ತಮ್ಮಂದೇನಿಲ್ಲ."

"ಏನೂ ಇಲ್ಲ."

"ನನ್ನಿಂದ ಬಂದಿದ್ದು."

"ನಿಮ್ಮ ಮೂಲಕ ಬಂದಿದ್ದು. ನೀವು ಮಾಡಿದ್ದಲ್ಲ."

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆ ಹೊತ್ತನ್ನು ಮಾತಿನಿಂದ ತುಂಬಬಾರದು ಎಂಬುದನ್ನು ನಾನು ನಿಜವಾಗಿ ಕಲಿತದ್ದು ಅಲ್ಲಿ, ನಾಲಿಗೆ ಕಚ್ಚಿಕೊಂಡು. ಕೊನೆಗೆ ಅವ್ವ, "ನಂಗೆ ನಮ್ಮವ್ವನಿಂದ" ಅಂದಳು. ಮೇಡಂ ಹೌದೆಂದರು. ಅವ್ವ ಥಟ್ಟನೆ ನನ್ನ ಕೈ ಹಿಡಿದುಕೊಂಡಳು. "ಅವ್ವಂಗೆ ಯೋಳ್ಬೇಡ ಕಣೆ. ಈ ವಯಸ್ನಲ್ಲಿ ತಡ್ಕಳಾಕಿಲ್ಲ." ಅಜ್ಜಿಗೆ ಅದು ಎಂದೋ ಗೊತ್ತು ಅನ್ನುವುದನ್ನು ನಾನು ಅವತ್ತು ಹೇಳಲಿಲ್ಲ. ನನ್ನ ಪರೀಕ್ಷೆಯನ್ನು ನಾನು ಆಮೇಲೆ ಮಾಡಿಸಿಕೊಂಡೆ. ಅದರ ಫಲಿತಾಂಶ ನನ್ನದು, ಇಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಯಿಂದ ಹೊರಗೆ ಬಂದಾಗ ನಮ್ಮೂರಿಗೆ ಹೋಗುವ ಹೊಳೆನರಸೀಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವ್ವ, "ಅರಕಲಗೂಡು ಬಸ್ಸು ಎಲ್ ನಿಲ್ತದೆ?" ಅಂದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅರಕಲಗೂಡಿನಲ್ಲಿ ಇಳಿದವಳು, ಮಗು ಇರುವ ಮನೆಗೆ ಬರಿಗೈಲಿ ಹೋಗಬಾರದು ಎಂದು ಬೇಕರಿಗೆ ನುಗ್ಗಿ ದಿಲ್‌ಪಸಂದ್ ಕಟ್ಟಿಸಿದಳು. ಮಗುವಿಗೆ ಆಗಲೇ ಹದಿನಾಲ್ಕು ವರ್ಷ, ಮೀಸೆ ಚಿಗುರಿತ್ತು.

ಆಟೋ ಮನೆಯ ಮುಂದೆ ನಿಂತಾಗ ಅವನು ಜಗಲಿಯ ಮೇಲೆ ಗಾಲಿಕುರ್ಚಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. ಅಕ್ಕ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅವ್ವನನ್ನು ಕಂಡು ಬಟ್ಟೆಯ ರಾಶಿ ಹಿಡಿದುಕೊಂಡೇ ನಿಂತುಬಿಟ್ಟಳು. ಅವ್ವ ಅಂಗಳದಿಂದ ಮುಂದೆ ಹೋಗಲಿಲ್ಲ. ಬಸ್ಸಿನಲ್ಲೇ ಕೂಡಿಸಿಟ್ಟುಕೊಂಡಿದ್ದ ಮಾತಿರಬೇಕು, ಒಂದೇ ಉಸಿರಿಗೆ ಹೇಳಿದಳು: "ನಿನ್ ಮಾವಂಗೆ ಕ್ವಟ್ಟಿದ್ದಕ್ಕಲ್ವಂತೆ ಕಣವ್ವ. ನನ್ನಿಂದ ಬಂದಿದ್ದಂತೆ."

ಅಕ್ಕ ಬಟ್ಟೆಯ ರಾಶಿಯನ್ನು ಎದೆಗೊತ್ತಿಕೊಂಡಳು. "ನಂಗೂ ಅಂಗೇ ಯೋಳುದ್ರು ಕಣವ್ವ. ನನ್ನಿಂದ ಅಂತ. ಒಂದು ತಿಂಗ್ಳಿಂದ ನಿನ್ನ ಮಖ ಎಂಗ್ ನೋಡಾದು ಅಂತ ಕುಂತಿದ್ದೀನಿ."

ಬಟ್ಟೆಗಳು ಕೆಳಗೆ ಬಿದ್ದವು. ಅವ್ವ ಅವಳ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, "ನಿಂದೇನ್ ತಪ್ಪೆ? ನೀನೇನ್ ಮಾಡ್ದೆ ನನ್ ಕೂಸೆ?" ಅಂದಳು. ಒಂದು ಸಲ ಅಲ್ಲ, ಮತ್ತೆ ಮತ್ತೆ ಅಂದಳು. ತನಗೆ ತಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿಕೊಳ್ಳದಿದ್ದ ಮಾತನ್ನು ಮಗಳಿಗೆ ಹೇಳುವಾಗ ಅವಳಿಗೆ ಒಂದು ಚೂರೂ ತಡವಾಗಲಿಲ್ಲ. ಅಕ್ಕ ಅಳುತ್ತಲೇ, "ಅಂಗಾರೆ ನಿಂದೇನವ್ವ ತಪ್ಪು?" ಎಂದು ಕೇಳಿದಳು. ಅವ್ವ ಅಕ್ಕನ ಕೈ ಹಿಡಿದುಕೊಂಡು ಹೊಸಿಲು ದಾಟಿದಳು.